ಬೆಟ್ಟ ದಾಟಿ ಬಸ್ರೂರಿಗೆ ಬಂದ ಪಯಣಿಗ ಇಬ್ನು ಬತೂತ



ಬೈಂದೂರಿನ ಒತ್ತಿನೆಣೆಯ ಮೇಲೆ ನೀವು ಒಮ್ಮೆಯಾದರೂ ನಿಂತಿರಬಹುದು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸಹ್ಯಾದ್ರಿಯ ಸಾಲು. ಆ ಸಾಲಿನ ಕೊಡಚಾದ್ರಿಯ ಎತ್ತರ 1,343 ಮೀಟರ್. ನಮ್ಮ ಕರಾವಳಿಯವರ ಮಟ್ಟಿಗೆ ಬೆಟ್ಟವೆಂದರೆ ಅದೇ. ನಮ್ಮ ಹಿರಿಯರು ಕಡಲಿನ ಜನ. ಘಟ್ಟದ ಮೇಲೆ ಹೋಗಿಬರುವುದನ್ನೇ ಅವರು ದೊಡ್ಡ ಪ್ರಯಾಣವೆಂದು ಎಣಿಸುತ್ತಿದ್ದರು.

ಈಗ ಕಾಲ ಬದಲಾಗಿದೆ. ಕುಂದಾಪುರ, ಬ್ರಹ್ಮಾವರ, ಬೈಂದೂರಿನ ಹುಡುಗರು ಬೈಕು ಹತ್ತಿ ಹಿಮಾಚಲಕ್ಕೆ, ಲಡಾಖ್‌ಗೆ ಹೋಗಿಬರುತ್ತಾರೆ. ಮನೆಯಲ್ಲಿ ತಾಯಂದಿರು ಫೋನ್ ಮುಂದಿಟ್ಟುಕೊಂಡು ಕಾಯುತ್ತಾರೆ. ಯಾರ ಹಂಗೂ ಬೇಡ, ನಮ್ಮಷ್ಟಕ್ಕೆ ನಾವು ಹೋಗಿ ಬರುತ್ತೇವೆ ಎಂಬುದು ಮಕ್ಕಳ ಮಾತು. ಹೋಗುವುದೇ ಬೇಡ ಎಂಬುದು ಹಿರಿಯರ ಮಾತು. ಭೂಮಿಯಲ್ಲಿ ಸಂಚರಿಸಿ, ಕಂಡು ಪಾಠ ಕಲಿಯಲು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆಯುತ್ತದೆ. ಆದ್ದರಿಂದ ಹೋಗಲೇಬಾರದೆಂದು ನಾವು ಹೇಳಲಾರೆವು. ಹೇಗೆ ಹೋಗಬೇಕು ಎಂದು ಮಾತ್ರ ಕೇಳಿಕೊಳ್ಳಬಹುದು.

ಈ ಪ್ರಶ್ನೆಗೆ ಉತ್ತರ ಹುಡುಕಲು ಬಹು ದೂರ ಹೋಗಬೇಕಾಗಿಲ್ಲ. ಬಹು ಎತ್ತರದ ಬೆಟ್ಟದ ದಾರಿಯೊಂದನ್ನು ದಾಟಿದ ವ್ಯಕ್ತಿಯೊಬ್ಬರು ಸುಮಾರು 680 ವರ್ಷಗಳ ಹಿಂದೆ ನಮ್ಮ ಬಸ್ರೂರಿಗೂ ಬಾರಕೂರಿಗೂ ಬಂದಿದ್ದರು. ಅವರೇ ಇಬ್ನು ಬತೂತ. ಅವರ ಬದುಕನ್ನು, ಅದರಲ್ಲೂ ಅವರು ತುಳಿದ ಬೆಟ್ಟದ ದಾರಿಗಳನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಒಂಟಿಯಾಗಿ ಹೊರಟ ಯುವಕ

ಅವರ ಹೆಸರು ಮುಹಮ್ಮದ್, ತಂದೆಯ ಹೆಸರು ಅಬ್ದುಲ್ಲಾ. ಹಿಜರಿ 703ರ ರಜಬ್ ತಿಂಗಳಲ್ಲಿ, ಅಂದರೆ ಕ್ರಿ.ಶ. 1304ರ ಫೆಬ್ರವರಿಯಲ್ಲಿ, ಮೊರೊಕ್ಕೊದ ತಂಜ ನಗರದಲ್ಲಿ ಅವರ ಜನನ. ಇಂದು ಆ ಊರನ್ನು ಟ್ಯಾಂಜಿಯರ್ ಎನ್ನುತ್ತಾರೆ. ಮನೆತನದಲ್ಲಿ ಖಾಝಿಗಳಾಗಿದ್ದವರಿದ್ದರು. ಅವರೂ ಮಾಲಿಕೀ ಕರ್ಮಶಾಸ್ತ್ರ ಕಲಿತರು.

1325ರ ಜೂನ್ ತಿಂಗಳಲ್ಲಿ, 21ನೆಯ ವಯಸ್ಸಿನಲ್ಲಿ, ಅವರು ಹಜ್ಜ್‌ಗೆಂದು ಮನೆ ಬಿಟ್ಟರು. ಜೊತೆಗೆ ಗೆಳೆಯನಿರಲಿಲ್ಲ, ಸೇರಿಕೊಳ್ಳಲು ಯಾತ್ರಿಕರ ತಂಡವೂ ಇರಲಿಲ್ಲ. ತಂದೆ ತಾಯಿ ಇಬ್ಬರೂ ಬದುಕಿದ್ದರು. ಅವರನ್ನು ಅಗಲುವುದು ಹಕ್ಕಿ ಗೂಡು ಬಿಟ್ಟಂತಿತ್ತು ಎಂದು ಮುಂದೆ ಅವರು ನೆನೆದುಕೊಂಡಿದ್ದಾರೆ.

ಒಂಟಿತನದ ಹುಮ್ಮಸ್ಸು ಬಹಳ ದಿನ ಉಳಿಯಲಿಲ್ಲ. ದಾರಿಯಲ್ಲಿ ಜ್ವರ ಹಿಡಿಯಿತು. ನಿಂತು ಸುಧಾರಿಸಿಕೊಳ್ಳಬೇಕೆಂದು ಹಿತೈಷಿಗಳು ಹೇಳಿದರೂ ಕೇಳಲಿಲ್ಲ. ಸತ್ತರೆ ಹಿಜಾಝಿನ ದಾರಿಯಲ್ಲೇ ಸಾಯುವೆನೆಂದು ಹಟ ಹಿಡಿದರು. ನಿಶ್ಶಕ್ತಿಯಿಂದ ಬೀಳಬಾರದೆಂದು ಮುಂಡಾಸಿನ ಬಟ್ಟೆಯಿಂದ ತಮ್ಮನ್ನು ತಾವೇ ಜೀನಿಗೆ ಕಟ್ಟಿಕೊಂಡರು. ಟ್ಯೂನಿಸ್ ತಲಪಿದಾಗ ಊರಿನ ಜನ ಬಂದು ಪ್ರಯಾಣಿಕರಿಗೆಲ್ಲ ಸಲಾಮ್ ಹೇಳಿದರು. ಪರಿಚಯವಿಲ್ಲದ ಈ ಯುವಕನತ್ತ ಯಾರೂ ತಿರುಗಿ ನೋಡಲಿಲ್ಲ. ಅವರಿಗೆ ಅಳು ತಡೆಯಲಾಗಲಿಲ್ಲ. ಅದನ್ನು ಕಂಡ ಒಬ್ಬ ಯಾತ್ರಿಕ ಹತ್ತಿರ ಬಂದು ಸಲಾಮ್ ಹೇಳಿ, ಊರು ಸೇರುವ ತನಕ ಮಾತಾಡಿಸುತ್ತಾ ಸಮಾಧಾನಪಡಿಸಿದ.

ಓದುಗರೇ, ಮುಂದೆ ಒಂದು ಲಕ್ಷ ಕಿಲೋಮೀಟರಿಗೂ ಮಿಕ್ಕಿ ಪ್ರಯಾಣ ಮಾಡಿದರೆಂದು ಹೇಳಲಾಗುವ ಮನುಷ್ಯನ ಮೊದಲ ಪಾಠ ಇದಾಗಿತ್ತು. ಆ ಯಾತ್ರಿಕ ಕೊಟ್ಟದ್ದು ಒಂದು ಸಲಾಮ್ ಮತ್ತು ನಾಲ್ಕು ಮಾತು. ಆದರೂ ಮೂವತ್ತು ವರ್ಷಗಳ ಬಳಿಕ ಗ್ರಂಥ ಬರೆಸುವಾಗ ಇಬ್ನು ಬತೂತ ಅದನ್ನು ಮರೆಯಲಿಲ್ಲ.

ಭಾಷೆ ಬಾರದ ನಾಡಿನಲ್ಲಿ ಹಿಮ

1326ರಲ್ಲಿ ಹಜ್ಜ್ ಮುಗಿಯಿತು. ಪ್ರಯಾಣ ಮುಗಿಯಲಿಲ್ಲ. ಇರಾಕ್, ಇರಾನ್, ಯಮನ್, ಆಫ್ರಿಕಾದ ಪೂರ್ವ ಕರಾವಳಿಗಳನ್ನು ಸುತ್ತಿ, 1330ರ ದಶಕದ ಆರಂಭದಲ್ಲಿ ಅವರು ಇಂದಿನ ಟರ್ಕಿ ದೇಶಕ್ಕೆ ಬಂದರು. ಹಿಮದ ಬೆಟ್ಟಗಳ ನಿಜವಾದ ಪರಿಚಯ ಆದದ್ದು ಅಲ್ಲಿ.

ಆ ನಾಡಿನಲ್ಲಿ ಅಖೀ ಎಂಬ ಯುವಕರ ಸಂಘಗಳಿದ್ದವು. ಸದಸ್ಯರೆಲ್ಲ ಕಸುಬುದಾರರು. ಹಗಲು ದುಡಿದು, ಸಂಜೆ ಗಳಿಕೆಯನ್ನು ತಮ್ಮ ಮುಖಂಡನ ಕೈಗೆ ತಂದೊಪ್ಪಿಸುತ್ತಿದ್ದರು. ಊರಿಗೆ ಬಂದ ಪ್ರಯಾಣಿಕರ ಊಟ ವಸತಿಗೆ ಆ ಹಣ. ಅಂತಾಲಿಯಾ ಎಂಬಲ್ಲಿ ಹಳೆಯ ಬಟ್ಟೆಯ ಒಬ್ಬ ಚಮ್ಮಾರ ಬಂದು ಇವರನ್ನೂ ಸಂಗಡಿಗರನ್ನೂ ಊಟಕ್ಕೆ ಕರೆದ. ಈ ಬಡವನಿಗೆ ಎಲ್ಲಿಯ ಶಕ್ತಿ ಎಂದು ಇಬ್ನು ಬತೂತ ಸಂಕೋಚಪಟ್ಟರು. ಆತ ಇನ್ನೂರು ಮಂದಿ ಕಸುಬುದಾರರ ಮುಖಂಡನೆಂದು ಅನಂತರ ತಿಳಿಯಿತು. ಇನ್ನೊಂದು ಊರಿನಲ್ಲಿ ಎರಡು ಗುಂಪುಗಳು ಇವರ ಕುದುರೆಗಳ ಲಗಾಮು ಹಿಡಿದು ಜಗಳಕ್ಕಿಳಿದವು, ಕತ್ತಿಗಳೂ ಹೊರಬಂದವು. ದರೋಡೆಕೋರರೇ ಇರಬೇಕೆಂದು ಇವರು ನಡುಗಿದರು. ವಿಚಾರಿಸಿದರೆ ಆ ಜಗಳ ಅತಿಥಿಗಳನ್ನು ಮೊದಲು ಯಾರು ಸತ್ಕರಿಸಬೇಕು ಎಂಬುದಕ್ಕೆ! ಕೊನೆಗೆ ಚೀಟಿ ಎತ್ತಿ ತೀರ್ಮಾನ ಮಾಡಿಕೊಂಡರು.

ಭಾಷೆಯ ತೊಂದರೆಯಂತೂ ಹೇಳತೀರದು. ತುಪ್ಪಕ್ಕೆ ಅರಬಿಯಲ್ಲಿ ಸಮ್ನ್ ಎನ್ನುತ್ತಾರೆ. ಸೇವಕನೊಬ್ಬ ಅಂಗಡಿಗೆ ಹೋಗಿ ಸಮ್ನ್ ಕೇಳಿದರೆ ಅಂಗಡಿಯವನು ಒಣಹುಲ್ಲು ತಂದುಕೊಟ್ಟ. ತುರ್ಕಿಯಲ್ಲಿ ಸಮಾನ್ ಎಂದರೆ ಹುಲ್ಲು. ಮತ್ತೊಂದು ಊರಿನಲ್ಲಿ ಅರಬಿ ಬಲ್ಲೆನೆಂದು ಹೆಸರು ಮಾಡಿದ್ದ ಫಕೀಹರೊಬ್ಬರನ್ನು ಮಾತಾಡಿಸಲು ಕರೆತಂದರು. ಅವರಿಗೆ ಒಂದು ಮಾತೂ ತಿಳಿಯದು. ಮರ್ಯಾದೆ ಉಳಿಸಿಕೊಳ್ಳಲು, ಈ ಅತಿಥಿಗಳು ಆಡುವುದು ಹಳೆಯ ಅರಬಿ, ತನಗೆ ಗೊತ್ತಿರುವುದು ಹೊಸ ಅರಬಿ ಎಂದುಬಿಟ್ಟರು. ಹಳೆಯ ಅರಬಿ ಎಂದರೆ ಪ್ರವಾದಿವರ್ಯರ(ಸ) ಕಾಲದ ಭಾಷೆ ಎಂದು ಭಾವಿಸಿದ ಆ ಊರಿನವರು ಅತಿಥಿಗಳನ್ನು ಇನ್ನಷ್ಟು ಗೌರವಿಸಿದರು. ಮದ್ರಸದಲ್ಲಿ ಕಲಿಸುವ ನನ್ನಂಥವರು ನಕ್ಕು, ಒಂದು ಕ್ಷಣ ತಲೆ ತಗ್ಗಿಸಬೇಕಾದ ಪ್ರಸಂಗವಿದು.

ಆ ಊರಿನಿಂದ ಮುಂದೆ ಹೋಗುವಾಗ ಅಪಾಯ ಎದುರಾಯಿತು. ಹಣ ಪಡೆದು ದಾರಿ ತೋರಿಸಲು ಬಂದವನು ನಡುದಾರಿಯಲ್ಲಿ ಬಿಟ್ಟು ಓಡಿದ. ಹಿಮ ಬಿದ್ದು ದಾರಿ ಅಳಿಸಿಹೋಗಿತ್ತು. ಸಂಜೆ ಕವಿಯುತ್ತಿತ್ತು. ಇಬ್ನು ಬತೂತರ ಬಳಿ ಒಳ್ಳೆಯ ಕುದುರೆಯಿತ್ತು. ಎಲ್ಲರೂ ಒಂದೇ ಕಡೆ ನಿಂತು ಸಾಯುವ ಬದಲು ತಾನು ಮುಂದೆ ಹೋಗಿ ನೆರವು ತರುವೆನೆಂದು ಅವರು ಹೊರಟರು. ದೂರದಲ್ಲಿ ಮನೆಗಳು ಕಂಡವು. ಹತ್ತಿರ ಹೋದರೆ ಅವು ಸತ್ತವರ ಗೋರಿಗಳ ಮೇಲೆ ಕಟ್ಟಿದ ಮರದ ಗುಡಿಸಲುಗಳು. ಕತ್ತಲಾದ ಮೇಲೆ ಮತ್ತೆ ಕಟ್ಟಡಗಳು ಕಂಡಾಗ, ಇವು ಬದುಕಿದವರ ಮನೆಗಳೇ ಆಗಿರಲೆಂದು ಅಲ್ಲಾಹನಲ್ಲಿ ಬೇಡಿಕೊಂಡರು. ಬಾಗಿಲಲ್ಲಿ ಒಬ್ಬ ಮುದುಕ ನಿಂತಿದ್ದ. ಇವರ ಅರಬಿ ಅವನಿಗೆ ತಿಳಿಯದು, ಅವನ ತುರ್ಕಿ ಇವರಿಗೆ ತಿಳಿಯದು. ಅದು ಫಕೀರರ ಆಶ್ರಮವಾಗಿತ್ತು. ಒಳಗಿದ್ದ ಒಬ್ಬ ಫಕೀರ ಇವರ ಧ್ವನಿ ಕೇಳಿ ಗುರುತು ಹಿಡಿದು ಹೊರಗೆ ಬಂದ. ಹಿಂದೆಲ್ಲೋ ಪರಿಚಯವಾಗಿದ್ದವನು! ಆ ರಾತ್ರಿಯೇ ಜನ ಹೋಗಿ ಹಿಮದಲ್ಲಿ ಸಿಲುಕಿದ್ದ ಸಂಗಡಿಗರನ್ನು ಕರೆತಂದರು.

ಇಲ್ಲಿ ನೀವು ಗಮನಿಸಬೇಕಾದದ್ದು ಒಂದಿದೆ. ಒಳ್ಳೆಯ ಕುದುರೆ ಇದ್ದವನು ಅದನ್ನೇರಿ ತಾನೊಬ್ಬನೇ ಪಾರಾಗಿಬಿಡಬಹುದಿತ್ತು. ಅವರು ತಲಪಿದ ಕೂಡಲೇ ಮೊದಲು ಹೇಳಿದ್ದು ಹಿಂದೆ ಉಳಿದವರ ಸುದ್ದಿಯನ್ನು.

ಮೂರು ತುಪ್ಪಳದಂಗಿ ಮತ್ತು ಬೆಂಕಿಯ ಬಳಿಯ ವುಝೂ

ಮುಂದಿನ ಚಳಿಗಾಲ ಅವರು ಕಪ್ಪು ಸಮುದ್ರದ ಆಚೆಯ ಬಯಲುಗಳಲ್ಲಿದ್ದರು. ಒಂದರ ಮೇಲೊಂದು ಮೂರು ತುಪ್ಪಳದ ಅಂಗಿ, ಎರಡು ಪೈಜಾಮ, ಕಾಲಿಗೆ ಉಣ್ಣೆಯ ಚೀಲ, ಅದರ ಮೇಲೆ ಬಟ್ಟೆಯ ಒಳಪದರವಿದ್ದ ಖುಫ್ಫ್, ಅದರ ಮೇಲೆ ಕರಡಿ ಚರ್ಮದ ಒಳಪದರವಿದ್ದ ಕುದುರೆ ಚರ್ಮದ ಮತ್ತೊಂದು ಖುಫ್ಫ್. ಇಷ್ಟೆಲ್ಲ ಹೊತ್ತುಕೊಂಡ ಮೇಲೆ ತಾವಾಗಿ ಕುದುರೆ ಹತ್ತಲು ಸಾಧ್ಯವಾಗದೆ ಸಂಗಡಿಗರು ಎತ್ತಿ ಕೂರಿಸಬೇಕಾಗುತ್ತಿತ್ತು. ಬೆಂಕಿಯ ಪಕ್ಕ ಕುಳಿತು ಬಿಸಿನೀರಿನಿಂದ ವುಝೂ ಮಾಡಿದರೂ ಬಿದ್ದ ಹನಿ ಅಲ್ಲೇ ಹೆಪ್ಪುಗಟ್ಟುತ್ತಿತ್ತು. ಮುಖ ತೊಳೆದ ನೀರು ಗಡ್ಡಕ್ಕಿಳಿದು ಮಂಜಾಗಿ, ಕೊಡವಿದರೆ ಪುಡಿ ಪುಡಿಯಾಗಿ ಉದುರುತ್ತಿತ್ತು.

ಇಂಥ ಕಡೆಗಳಿಗೆ ಹೋಗುವವರಿಗೆ ಶರೀಅತ್ ಎಷ್ಟು ಸಲೀಸು ಮಾಡಿಕೊಟ್ಟಿದೆ ಎಂಬುದನ್ನು ನಮ್ಮ ಮಕ್ಕಳು ಹೊರಡುವ ಮೊದಲೇ ತಿಳಿದಿರಬೇಕು. ಖುಫ್ಫ್‌ನ ಮೇಲೆ ಒದ್ದೆ ಕೈಯಿಂದ ಸವರುವ ರಿಯಾಯಿತಿ ಶಾಫಿಈ ಮತ್ತು ಹನಫೀ ಮದ್‌ಹಬ್‌ಗಳಲ್ಲಿ ಊರಿನಲ್ಲಿರುವವನಿಗೆ ಒಂದು ಹಗಲು ರಾತ್ರಿ, ಪ್ರಯಾಣಿಕನಿಗೆ ಮೂರು ಹಗಲು ರಾತ್ರಿ. ಚಳಿಯಿಂದ ನೀರು ದೇಹಕ್ಕೆ ಹಾನಿ ಮಾಡುವುದಾದರೆ, ಬಿಸಿ ಮಾಡುವ ದಾರಿಯೂ ಇಲ್ಲದಿದ್ದರೆ ತಯಮ್ಮುಮ್ ಇದೆ. ಪ್ರಯಾಣಿಕನಿಗೆ ನಮಾಝ್ ಮೊಟಕುಗೊಳಿಸುವ ಸವಲತ್ತಿದೆ. ಪ್ರಾಣವನ್ನು ಅಪಾಯಕ್ಕೊಡ್ಡುವುದು ಧರ್ಮನಿಷ್ಠೆಯಲ್ಲ.

ಹಿಂದೂಕುಶ್

ದೆಹಲಿಯ ಸುಲ್ತಾನ್ ಮುಹಮ್ಮದ್ ಬಿನ್ ತುಘ್ಲಕ್ ಹೊರನಾಡಿನ ವಿದ್ವಾಂಸರಿಗೆ ಉದಾರವಾಗಿ ಹುದ್ದೆ ಕೊಡುತ್ತಾನೆಂಬ ಸುದ್ದಿ ಆಗ ಎಲ್ಲೆಡೆ ಹಬ್ಬಿತ್ತು. ಇಬ್ನು ಬತೂತ ಆ ಕಡೆಗೆ ಹೊರಟರು. ಬುಖಾರಾ, ಸಮರಖಂದ್ ದಾಟಿ 1333ರಲ್ಲಿ ಕುಂದೂಝ್ ತಲಪಿದರು. ಎದುರಿಗೆ ಹಿಂದೂಕುಶ್ ಪರ್ವತ.

ಅವರು ಅವಸರ ಮಾಡಲಿಲ್ಲ. ಜ್ವರದಲ್ಲಿ ತಮ್ಮನ್ನು ಜೀನಿಗೆ ಬಿಗಿದುಕೊಂಡಿದ್ದ ಹಟಮಾರಿ ಯುವಕ ಈಗ 29 ವರ್ಷದ ಅನುಭವಿ. ಕುಂದೂಝ್‌ನ ಹೊರಗೆ ಸುಮಾರು ನಲವತ್ತು ದಿನ ಬೀಡುಬಿಟ್ಟರು. ಕುದುರೆ, ಒಂಟೆಗಳು ಹುಲ್ಲು ಮೇದು ಗಟ್ಟಿಯಾಗಬೇಕಿತ್ತು. ಅದಕ್ಕಿಂತ ಮುಖ್ಯವಾಗಿ ಹಿಮ ಕರಗಬೇಕಿತ್ತು. ಬಿಸಿಲು ಬಂತೆಂದು ಖಚಿತವಾದ ಮೇಲೆ ಅಂದರಾಬ್ ದಾರಿಯಾಗಿ ಮೇಲೇರಿದರು. ರಾತ್ರಿಯ ಕೊನೆಯ ಜಾವದಲ್ಲಿ ಹೊರಟು ಸೂರ್ಯಾಸ್ತದ ತನಕ ನಡೆದರು. ಒಂಟೆಗಳ ಕಾಲು ಹಿಮದಲ್ಲಿ ಹೂತುಹೋಗದಂತೆ ಅವುಗಳ ಮುಂದೆ ಉಣ್ಣೆಯ ದಪ್ಪ ಕಂಬಳಿಗಳನ್ನು ಹಾಸುತ್ತಾ ಸಾಗಿದರು. ಅವರು ದಾಟಿದ್ದು ಖಾವಕ್ ಕಣಿವೆಯೆಂದು ಸಂಶೋಧಕರು ಭಾವಿಸುತ್ತಾರೆ. ಅದರ ಎತ್ತರ ಮೂರೂವರೆ ಸಾವಿರ ಮೀಟರಿಗೂ ಹೆಚ್ಚು. ನಮ್ಮ ಕೊಡಚಾದ್ರಿಯ ಎರಡೂವರೆ ಪಟ್ಟಿಗಿಂತ ಹೆಚ್ಚು ಎಂದಾಯಿತು.

ಇನ್ನು ಆ ಬೆಟ್ಟದ ಹೆಸರಿನ ವಿಷಯ. ಬೇರೆ ವಿವರಣೆಗಳೂ ಇವೆ. ಇಬ್ನು ಬತೂತ ಕೊಟ್ಟ ಅರ್ಥ ಮಾತ್ರ ಎದೆ ನಡುಗಿಸುವಂಥದ್ದು. ಹಿಂದ್ ನಾಡಿನವರನ್ನು ಕೊಲ್ಲುವ ಬೆಟ್ಟ ಎಂದು ಅದರ ಅರ್ಥವಂತೆ. ಹಿಂದ್‌ನಿಂದ ಗುಲಾಮರಾಗಿ ಒಯ್ಯಲ್ಪಡುತ್ತಿದ್ದ ಹುಡುಗ ಹುಡುಗಿಯರು ಚಳಿಗೂ ಹಿಮಕ್ಕೂ ಸಿಲುಕಿ ಅಲ್ಲಿ ಗುಂಪು ಗುಂಪಾಗಿ ಸಾಯುತ್ತಿದ್ದುದರಿಂದ ಆ ಹೆಸರು ಬಂತೆಂದು ಅವರು ಬರೆದಿದ್ದಾರೆ.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಅದೇ ಬೆಟ್ಟ, ಅದೇ ಹಿಮ. ಒಬ್ಬರು ನಲವತ್ತು ದಿನ ಕಾದು, ಮೂರು ತುಪ್ಪಳದಂಗಿಗಳ ಅನುಭವ ಹೊತ್ತು, ಒಂಟೆಯ ಕಾಲಿಗೂ ಕಂಬಳಿ ಹಾಸಿ ದಾಟುತ್ತಾರೆ. ಎದುರು ದಿಕ್ಕಿನಿಂದ ಬರುವ ಹುಡುಗಿಗೆ ಕಾಯುವ ಹಕ್ಕಿಲ್ಲ, ಹಿಂತಿರುಗುವ ಹಕ್ಕಿಲ್ಲ, ಹೊದೆಯಲು ಬಟ್ಟೆಯೂ ಇಲ್ಲ. ಬೆಟ್ಟ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಕೊಂದದ್ದಲ್ಲ. ಕೊಂದದ್ದು ಮನುಷ್ಯರ ದುರಾಸೆ.

ಇಬ್ನು ಬತೂತರನ್ನು ನಾವು ಪ್ರೀತಿಸುತ್ತೇವೆ. ಹಾಗೆಂದು ಅವರ ಬದುಕಿನ ಈ ಮಗ್ಗುಲನ್ನು ಮುಚ್ಚಿಡಬೇಕಾಗಿಲ್ಲ. ಅವರ ಸಂಗಡವೂ ಗುಲಾಮರಿದ್ದರು. ಬುಖಾರಾ ಸಮೀಪದ ಬೀಡಿನಲ್ಲಿ ಅವರ ದಾಸಿಯೊಬ್ಬಳು ಒಂದು ಮಗುವನ್ನು ಹೆತ್ತಿದ್ದಳು. ಮೊದಲು ಗಂಡೆಂದು ತಿಳಿಸಿದರು, ಅಕೀಕಾ ಆದ ಮೇಲೆ ಹೆಣ್ಣೆಂದು ಗೊತ್ತಾಯಿತು. ಆ ಮಗು ಹುಟ್ಟಿದ ಗಳಿಗೆಯಿಂದ ತನಗೆ ಎಲ್ಲವೂ ಶುಭವೇ ಆಯಿತೆಂದು ತಂದೆ ಸಂತೋಷಪಟ್ಟರು. ಆ ಎಳೆಗೂಸೂ ಹಿಂದೂಕುಶ್ ದಾಟಿತು. ಹಿಂದ್ ತಲಪಿದ ಎರಡು ತಿಂಗಳಲ್ಲಿ ಅದು ತೀರಿಕೊಂಡಿತು. ಮಗುವನ್ನು ಹೊತ್ತ ತಾಯಿಯ ಹೆಸರನ್ನು ಗ್ರಂಥ ಹೇಳುವುದಿಲ್ಲ. ಗುಲಾಮರನ್ನು ಕೊಲ್ಲುವ ಬೆಟ್ಟವನ್ನು ಆಕೆಯೂ ಗುಲಾಮಳಾಗಿಯೇ ದಾಟಿದ್ದಳು.

ಪವಿತ್ರ ಕುರ್‌ಆನ್ ಝಕಾತ್‌ನ ಹಕ್ಕುದಾರರ ಎಂಟು ವರ್ಗಗಳನ್ನು ಹೆಸರಿಸಿದೆ. ಅವುಗಳಲ್ಲಿ ದಾರಿಹೋಕ, ಅಂದರೆ ಇಬ್ನುಸ್ಸಬೀಲ್, ಒಬ್ಬ. ಬಂಧನದಲ್ಲಿರುವವರ ವಿಮೋಚನೆಯೂ ಅದೇ ಪಟ್ಟಿಯಲ್ಲಿದೆ. ದಾರಿಹೋಕನ ಹಕ್ಕನ್ನು ಇಬ್ನು ಬತೂತ ಜೀವನವಿಡೀ ಪಡೆದರು. ಮತ್ತೊಂದು ಹಕ್ಕಿನ ವಿಷಯದಲ್ಲಿ ಆ ಕಾಲದ ಬಹುಪಾಲು ದೊಡ್ಡವರಂತೆ ಅವರೂ ಕಣ್ಣು ಪೂರ್ತಿ ತೆರೆಯಲಿಲ್ಲ. ಇದು ಅವರನ್ನು ಹಳಿಯಲು ಹೇಳಿದ ಮಾತಲ್ಲ. ನಮ್ಮ ಕಣ್ಣು ತೆರೆದಿದೆಯೇ ಎಂದು ನೋಡಿಕೊಳ್ಳಲು ಹೇಳಿದ್ದು.

ನಮ್ಮ ಕರಾವಳಿಯಲ್ಲಿ

1333ರ ಸೆಪ್ಟೆಂಬರಿನಲ್ಲಿ, ಹಿಜರಿ 734ರ ಮುಹರ್ರಮ್ ಮೊದಲ ದಿನ, ಅವರು ಸಿಂಧೂ ನದಿ ತಲಪಿದರು. ದೆಹಲಿಯಲ್ಲಿ ಖಾಝಿಯಾಗಿ ಕೆಲವು ವರ್ಷ ಕಳೆದ ಮೇಲೆ ಸುಲ್ತಾನನು ಅವರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳುಹಿಸಿದ. ಹೊರಟ ಕೆಲವೇ ದಿನಗಳಲ್ಲಿ, ಇಂದಿನ ಅಲಿಗಢದ ಹತ್ತಿರ, ದರೋಡೆಕೋರರ ಕೈಗೆ ಸಿಕ್ಕಿ ಎಲ್ಲವನ್ನೂ ಕಳೆದುಕೊಂಡು ಕಾಡುಪಾಲಾದರು. ಕೊನೆಗೆ ಅಪರಿಚಿತನೊಬ್ಬ ಹೆಗಲ ಮೇಲೆ ಹೊತ್ತು ಹಳ್ಳಿಯೊಂದಕ್ಕೆ ಮುಟ್ಟಿಸಿದ. ಅಲ್ಲಿಂದ ಮತ್ತೆ ಹೊರಟು, ಖಂಬಾತ್ ಕಡೆಯಿಂದ ಹಡಗು ಹತ್ತಿ, 1342ರ ಸುಮಾರಿಗೆ ಅವರು ನಮ್ಮ ಕಡಲಿಗೆ ಬಂದರು.

ಮೊದಲು ಹೊನ್ನಾವರ. ಅಲ್ಲಿನ ಸುಲ್ತಾನ್ ಜಮಾಲುದ್ದೀನ್. ಜನರು ಶಾಫಿಈ ಮದ್‌ಹಬ್‌ನವರು. ಹೆಂಗಸರು ಪವಿತ್ರ ಕುರ್‌ಆನನ್ನು ಕಂಠಪಾಠ ಮಾಡಿದ್ದರು. ಆ ಒಂದು ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಮದ್ರಸಗಳು, ಗಂಡುಮಕ್ಕಳಿಗೆ 23. ಇಷ್ಟು ದೇಶ ಸುತ್ತಿದ ಅವರು ಇಂಥದ್ದನ್ನು ಬೇರೆಲ್ಲಿಯೂ ಕಂಡಿಲ್ಲವೆಂದು ದಾಖಲಿಸಿದ್ದಾರೆ. ಹೆಣ್ಣುಮಕ್ಕಳ ಶಿಕ್ಷಣ ಹೊಸ ಕಾಲದ ಗೀಳು ಎನ್ನುವವರು ನಮ್ಮಲ್ಲಿ ಇದ್ದರೆ ಈ ಲೆಕ್ಕವನ್ನು ಅವರಿಗೆ ತೋರಿಸಿರಿ.

ಅಲ್ಲಿಂದ ಹಡಗು ದಕ್ಷಿಣಕ್ಕೆ ಬಂತು. ಭಟ್ಕಳ, ಶಿರೂರು, ಬೈಂದೂರುಗಳ ತೀರ ದಾಟಿಯೇ ಬರಬೇಕು. ಅವರು ಮೊದಲು ಇಳಿದ ಊರನ್ನು ಅಬೂಸರೂರ್ ಎಂದು ಕರೆದಿದ್ದಾರೆ. ಅದು ನಮ್ಮ ಬಸ್ರೂರು ಎಂದು ಸಂಶೋಧಕರು ಗುರುತಿಸುತ್ತಾರೆ. ದೊಡ್ಡ ಹೊಳೆಯ ಬದಿಯ ಸಣ್ಣ ಊರು, ತುಂಬಾ ತೆಂಗಿನ ಮರಗಳು. ಅಲ್ಲಿನ ಮುಸ್ಲಿಮರ ಹಿರಿಯ ಶೇಖ್ ಜುಮುಆ. ಅಬೂ ಸಿತ್ತ ಎಂದೂ ಅವರನ್ನು ಕರೆಯುತ್ತಿದ್ದರು. ಫಕೀರರಿಗೂ ಬಡವರಿಗೂ ಕೊಟ್ಟು ಕೊಟ್ಟು ತಮ್ಮ ಆಸ್ತಿಯನ್ನೆಲ್ಲ ಮುಗಿಸಿಕೊಂಡವರು. ಅವರ ವಿಷಯದಲ್ಲಿ ಇಬ್ನು ಬತೂತ ಬರೆದದ್ದು ಇಷ್ಟೇ. ರಾಜರ ಹೆಸರುಗಳೇ ಉಳಿಯದ ಆ ಕಾಲದಿಂದ ಬಸ್ರೂರಿನ ಒಬ್ಬ ಗೃಹಸ್ಥನ ಹೆಸರು ಉಳಿದು ಬಂದದ್ದು ಆತ ಕೂಡಿಟ್ಟದ್ದರಿಂದಲ್ಲ, ಖರ್ಚು ಮಾಡಿದ್ದರಿಂದ.

ಮುಂದೆ ಫಾಕನೂರ್, ಅಂದರೆ ಇಂದಿನ ಬ್ರಹ್ಮಾವರ ತಾಲೂಕಿನ ಬಾರಕೂರು. ದೊಡ್ಡ ಊರು, ಹೇರಳವಾಗಿ ಒಳ್ಳೆಯ ಕಬ್ಬು. ಅರಸ ಹಿಂದೂ. ವಾಸುದೇವ ಎಂಬ ಹೆಸರನ್ನು ಅವರು ತಮಗೆ ಕೇಳಿಸಿದಂತೆ ಬರೆದಿದ್ದಾರೆ. ಅವನ ಸುಮಾರು 30 ಯುದ್ಧನೌಕೆಗಳಿಗೆ ಮುಸ್ಲಿಮ್ ನಾಯಕ. ಊರಿನಲ್ಲಿ ಖಾಝಿಯೂ ಖತೀಬರೂ ಇದ್ದರು. ಮುಸ್ಲಿಮರ ಮುಖಂಡ ಹುಸೈನ್ ಎಂಬವರು ಕಟ್ಟಿಸಿದ ಜುಮಾ ಮಸೀದಿ ಇತ್ತು. ಅಲ್ಲಿಂದ ಮಂಗಳೂರು, ಆಮೇಲೆ ಮಲಬಾರು.

ಈ ಕರಾವಳಿಯ ದಾರಿಯನ್ನು ಅವರು ಬಾಯ್ತುಂಬ ಹೊಗಳಿದ್ದಾರೆ. ಉದ್ದಕ್ಕೂ ಮರಗಳ ನೆರಳು. ಅರ್ಧ ಅರ್ಧ ಮೈಲಿಗೆ ಮರದ ತಂಗುಮನೆ. ಅದರಲ್ಲಿ ಕುಳಿತುಕೊಳ್ಳಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ಹಿಂದೂ ಪ್ರಯಾಣಿಕನಿಗೆ ಪಾತ್ರೆಯಲ್ಲಿ, ಮುಸ್ಲಿಮನಾದರೆ ಬೊಗಸೆಗೆ ನೀರು ಎರೆಯುತ್ತಿದ್ದರು. ಮನೆಯೊಳಗೆ ಕರೆಯುವ, ಪಾತ್ರೆಯಲ್ಲಿ ಬಡಿಸುವ ಪದ್ಧತಿ ಇರಲಿಲ್ಲ. ಆದರೆ ಬಾಯಾರಿದವನಿಗೆ ಸಾಕೆನಿಸುವ ತನಕ ನೀರು ಸಿಗುತ್ತಿತ್ತು. ಒಂದೊಂದು ನಿಲುಗಡೆಯಲ್ಲಿಯೂ ಮುಸ್ಲಿಮರ ಮನೆಗಳಿದ್ದು, ಅಲ್ಲಿ ತಂಗಿ ಅಡುಗೆ ಮಾಡಿಸಿಕೊಳ್ಳಬಹುದಿತ್ತು. ಆ ಮನೆಗಳಿಲ್ಲದಿದ್ದರೆ ಮುಸ್ಲಿಮನೊಬ್ಬ ಅಲ್ಲಿ ಪ್ರಯಾಣಿಸುವುದೇ ಅಸಾಧ್ಯವಾಗುತ್ತಿತ್ತೆಂದು ಅವರ ಅಭಿಪ್ರಾಯ. ಕಳ್ಳತನಕ್ಕೆ ಶಿಕ್ಷೆ ಎಷ್ಟು ಕಠಿಣವಾಗಿತ್ತೆಂದರೆ ದಾರಿಯಲ್ಲಿ ಬಿದ್ದ ತೆಂಗಿನಕಾಯಿಯನ್ನು ಯಾರೂ ಮುಟ್ಟುತ್ತಿರಲಿಲ್ಲ.

ಅಖೀಗಳ ಊಟ, ಫಕೀರರ ಆಶ್ರಮ, ಹಿಂದೂ ಅರಸರ ನಾಡಿನ ಬಾವಿ, ಬಸ್ರೂರಿನ ಶೇಖರ ಮನೆ. ಇಬ್ನು ಬತೂತ ತಮ್ಮಷ್ಟಕ್ಕೆ ಸ್ವತಂತ್ರವಾಗಿ ತಿರುಗಾಡಿದರು, ನಿಜ. ಅವರ ಸ್ವಾತಂತ್ರ್ಯವನ್ನು ದಾರಿಯುದ್ದಕ್ಕೂ ಹೊತ್ತು ನಿಂತವರು ಇಂಥ ಜನ.

ಎಲ್ಲವೂ ಹೋದ ಮೇಲೆ ಮತ್ತೊಂದು ಬೆಟ್ಟ

ಕಲ್ಲಿಕೋಟೆಯಲ್ಲಿ ವಿಧಿ ಮುನಿಯಿತು. ಜುಮಾ ನಮಾಝ್‌ಗೆಂದು ಅವರು ದಡದಲ್ಲಿ ಉಳಿದಿದ್ದಾಗ ಬಿರುಗಾಳಿಗೆ ಸಿಕ್ಕಿ ರಾಯಭಾರದ ಕಾಣಿಕೆಗಳಿದ್ದ ಹಡಗು ಒಡೆಯಿತು. ಸ್ವಂತ ಸಾಮಾನಿದ್ದ ಹಡಗು ಹೊರಟೇ ಹೋಯಿತು. ಕೈಯಲ್ಲಿ ಉಳಿದದ್ದು ಹತ್ತು ದೀನಾರ್ ಮತ್ತು ಮಲಗಲು ಹಾಸಿದ್ದ ಒಂದು ಹಾಸು. ಕೊನೆಗೆ ಅವರು ಹೊನ್ನಾವರಕ್ಕೆ ಹಿಂತಿರುಗಿ, ಮಸೀದಿಯಲ್ಲಿ ಏಕಾಂತ ಹಿಡಿದು, ದಿನಕ್ಕೊಂದು ಸಲ, ಮತ್ತೆ ದಿನಕ್ಕೆರಡು ಸಲ ಪವಿತ್ರ ಕುರ್‌ಆನ್ ಪೂರ್ತಿ ಓದಿದರು.

ಆಮೇಲೆ ಮಾಲ್ದೀವ್ಸ್‌ನಲ್ಲಿ ಖಾಝಿಯಾಗಿದ್ದು, 1344ರಲ್ಲಿ ಶ್ರೀಲಂಕಾಕ್ಕೆ ಹೋಗಿ ಆದಮ್ ಶಿಖರವನ್ನು ಏರಿದರು. 2,243 ಮೀಟರ್ ಎತ್ತರದ ಆ ಬೆಟ್ಟದ ತುದಿಯ ಗುರುತನ್ನು ಆದಮ್‌ರ(ಅ) ಪಾದದ ಗುರುತೆಂದು ಅಲ್ಲಿಯ ಮುಸ್ಲಿಮರು ಹೇಳುತ್ತಿದ್ದರು. ಬೌದ್ಧರೂ ಹಿಂದೂಗಳೂ ತಮ್ಮ ತಮ್ಮ ನಂಬಿಕೆಯಂತೆ ಹತ್ತುತ್ತಾರೆ. ಅಲ್ಲಿನ ತಮಿಳು ಅರಸ ಆರ್ಯಚಕ್ರವರ್ತಿ ಇವರಿಗೆ ಪಲ್ಲಕ್ಕಿ, ಹೊರೆಯಾಳುಗಳು, ನಾಲ್ವರು ಜೋಗಿಗಳು, ಮೂವರು ಬ್ರಾಹ್ಮಣರು ಸಹಿತ ಜನ ಕೊಟ್ಟು ಕಳುಹಿಸಿದ. ಮೇಲೆ ಬಂಡೆಗೆ ಹತ್ತು ಸರಪಳಿಗಳು. ಹತ್ತನೆಯದಕ್ಕೆ ಶಹಾದತ್‌ನ ಸರಪಳಿ ಎಂದು ಹೆಸರು. ಅದನ್ನು ಹಿಡಿದವನು ಕೆಳಗೆ ನೋಡಿದರೆ ಹೆದರಿ ಕಲಿಮ ಹೇಳಿಬಿಡುತ್ತಾನೆ ಎಂಬ ಕಾರಣಕ್ಕೆ. ಮೋಡಗಳು ತಮ್ಮ ಕಾಲ ಕೆಳಗೆ ಇದ್ದುದನ್ನು ಅವರು ಅಲ್ಲಿ ಕಂಡರು.

ಮನೆಗೆ ಹತ್ತಿರದ ಹಿಮ

ಚೀನಾ ಪ್ರಯಾಣದ ಬಳಿಕ 1349ರಲ್ಲಿ ಅವರು ಮೊರೊಕ್ಕೊಗೆ ಮರಳಿದರು. ಮಹಾಮಾರಿ ಪ್ಲೇಗ್ ಜಗತ್ತನ್ನು ಕಬಳಿಸುತ್ತಿದ್ದ ಕಾಲ. ತಂದೆ ಎಷ್ಟೋ ವರ್ಷಗಳ ಹಿಂದೆಯೇ ತೀರಿಕೊಂಡಿದ್ದರು. ತಾಯಿ ಆಗಷ್ಟೇ ಪ್ಲೇಗಿನಲ್ಲಿ ತೀರಿಕೊಂಡಿದ್ದರು. 24 ವರ್ಷಗಳ ಮೇಲೆ ಬಂದ ಮಗನಿಗೆ ಗೋರಿ ಝಿಯಾರತ್ ಮಾಡುವ ಭಾಗ್ಯವಷ್ಟೇ ಉಳಿದಿತ್ತು. ಹೊರಡುವ ಮಕ್ಕಳು ಇದನ್ನು ಓದಬೇಕು.

ಕೊನೆಯ ದೀರ್ಘ ಪ್ರಯಾಣ ಸಹರಾ ಮರುಭೂಮಿ ದಾಟಿ ಮಾಲಿ ಸಾಮ್ರಾಜ್ಯಕ್ಕೆ. ಅಲ್ಲಿಂದ ಮರಳುವಾಗ, 1353ರ ಡಿಸೆಂಬರ್ ಕೊನೆಯಲ್ಲಿ, ಸಿಜಿಲ್ಮಾಸಾದಿಂದ ಹೊರಟು ಅಟ್ಲಾಸ್ ಪರ್ವತ ಏರಿದರು. ಕಡು ಚಳಿ, ವಿಪರೀತ ಹಿಮ. ಬುಖಾರಾ, ಸಮರಖಂದ್, ಖುರಾಸಾನ್, ತುರ್ಕರ ನಾಡು ಎಲ್ಲ ಕಡೆಯ ಹಿಮ ಕಂಡಿದ್ದವರು, ತಮ್ಮ ಸ್ವಂತ ನಾಡಿನ ಉಮ್ಮು ಜುನೈಬಾ ದಾರಿಯಷ್ಟು ಕಷ್ಟದ್ದನ್ನು ಮಾತ್ರ ಕಂಡಿರಲಿಲ್ಲವಂತೆ. ಈದುಲ್ ಅಝ್‌ಹಾವನ್ನು ಅವರು ಆ ದಾರಿಯಲ್ಲೇ ಕಳೆದರು. ಮನೆಗೆ ಹತ್ತಿರವಾಯಿತೆಂದು ಅಪಾಯ ಕಡಿಮೆಯಾಗುವುದಿಲ್ಲ. ಮಳೆಗಾಲದ ಕೊಲ್ಲೂರು ಘಾಟಿಯನ್ನೋ ಬಾಳೆಬರೆ ಘಾಟಿಯನ್ನೋ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫೆಝ್ ನಗರದಲ್ಲಿ ಸುಲ್ತಾನನ ಅಪ್ಪಣೆಯಂತೆ ತಮ್ಮ ಅನುಭವಗಳನ್ನು ಹೇಳಿ ಬರೆಸಿದರು. ಬರೆದುಕೊಂಡವರು ವಿದ್ವಾಂಸ ಇಬ್ನು ಜುಝೈ. 1355ರ ಡಿಸೆಂಬರಿನಲ್ಲಿ ಹೇಳಿ ಮುಗಿಯಿತು. ರಿಹ್‌ಲ ಎಂದು ಪ್ರಸಿದ್ಧವಾದ ಗ್ರಂಥ ಅದೇ. ಉಳಿದ ದಿನಗಳನ್ನು ಅವರು ಖಾಝಿಯಾಗಿ ಕಳೆದು, 1368ರ ಸುಮಾರಿಗೆ ಇಹಲೋಕ ತ್ಯಜಿಸಿದರು.

ನಮಗೇನು ಪಾಠ?

ಹೊರಡುವ ಮಕ್ಕಳಿಗೆ ನಾಲ್ಕು ಮಾತು. ಮೊದಲನೆಯದು, ಕಾಯಲು ಕಲಿಯಿರಿ. ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಖರ್ದುಂಗ್ ಲಾ 5,300 ಮೀಟರಿಗೂ ಮೇಲೆ. ಕಡಲ ಮಟ್ಟದ ನಮ್ಮ ದೇಹಕ್ಕೆ ಅಲ್ಲಿಯ ತೆಳು ಗಾಳಿ ಒಗ್ಗಲು ದಿನಗಳು ಬೇಕು. ಲೇಹ್ ತಲಪಿದ ಮೇಲೆ ಕನಿಷ್ಠ ಎರಡು ದಿನ ವಿಶ್ರಾಂತಿ ಪಡೆಯಿರಿ. ತಲೆನೋವು, ವಾಕರಿಕೆ ಕಂಡರೆ ಮೇಲೇರಬೇಡಿ. ಕುಳಿತಲ್ಲೇ ಏದುಸಿರು ಬಂದರೆ, ನಡಿಗೆ ತಪ್ಪಿದರೆ ಕೂಡಲೇ ಕೆಳಗಿಳಿಯಿರಿ. ನಲವತ್ತು ದಿನ ಕಾದವರಿಗೆ ಯಾರೂ ಹೇಡಿ ಎನ್ನಲಿಲ್ಲ. ಎರಡನೆಯದು, ಸಂಗಡಿಗನನ್ನು ಹಿಂದೆ ಬಿಟ್ಟು ಬರಬೇಡಿ. ಮೂರನೆಯದು, ನಿಮ್ಮ ಹೊರೆ ಹೊರುವವನ, ದಾರಿ ತೋರಿಸುವವನ ಮೈಮೇಲೆ ಬೆಚ್ಚಗಿನ ಬಟ್ಟೆ ಇದೆಯೇ, ಅವನ ಕೂಲಿ ಸರಿಯಾಗಿ ಸಂದಿದೆಯೇ ನೋಡಿರಿ. ಹಿಮ ಸರಿಸಿ ಆ ರಸ್ತೆಗಳನ್ನು ಕಾಯುವ ಕೂಲಿಗಳೂ ಹೊಟ್ಟೆಪಾಡಿಗಾಗಿ ಮನೆ ಬಿಟ್ಟು ಬಂದವರೇ. ನಾಲ್ಕನೆಯದು, ತಾಯಿಗೆ ಸುದ್ದಿ ತಲಪಿಸಿರಿ.

ಮನೆಯಲ್ಲಿರುವ ಹಿರಿಯರಿಗೆ ಒಂದೇ ಮಾತು. ನಿಮ್ಮ ಮಗ ದೂರದ ಬೆಟ್ಟದಲ್ಲಿ ಯಾರದೋ ಬಾಗಿಲು ತಟ್ಟುತ್ತಿರಬಹುದು. ಅದೇ ಹೊತ್ತಿಗೆ ಕುಂದಾಪುರದ ಬಸ್ಸು ನಿಲ್ದಾಣದಲ್ಲೋ ನಮ್ಮ ಮಸೀದಿಯ ಜಗಲಿಯಲ್ಲೋ ಭಾಷೆ ಬಾರದ, ಚೀಲ ಹೊತ್ತ ಒಬ್ಬ ಹುಡುಗ ಕುಳಿತಿರಬಹುದು. ಬಿಹಾರದಿಂದಲೋ ಬಂಗಾಳದಿಂದಲೋ ಕೆಲಸ ಹುಡುಕಿ ಬಂದವನು ಅವನು. ಅವನಿಗೊಂದು ಸಲಾಮ್ ಹೇಳಿರಿ. ಮುಸ್ಲಿಮನಲ್ಲದಿದ್ದರೂ ಮಾತಾಡಿಸಿ, ಬಾಯಾರಿಕೆ ಕೇಳಿರಿ. ಬಸ್ರೂರಿನ ಶೇಖ್ ಜುಮುಆ ಹಾಗೆ ಮಾಡಿದ್ದರಿಂದ ಅವರ ಹೆಸರು ಇಂದಿಗೂ ಉಳಿದಿದೆ.

ದಾರಿಯಲ್ಲಿರುವ ಎಲ್ಲರನ್ನೂ ಅಲ್ಲಾಹನು ಕ್ಷೇಮವಾಗಿ ಮನೆ ಸೇರಿಸಲಿ. ದಾರಿಹೋಕರಿಗೆ ಬಾಗಿಲು ತೆರೆಯುವ ಮನಸ್ಸನ್ನು ನಮಗೆ ಕರುಣಿಸಲಿ. ಆಮೀನ್.